ವಕ್ರಾದ ಒಂದು ಚೀಲ ಮೀನು

ನವೆಂಬರ್ ೩, ಸೋಮವಾರ

ಇವತ್ತೂ ಒಬ್ಬಳೇ ಹೊರಟು, ಹೆದರಿ ಮೆಡಿಕಲ್ ಶಾಪಿನ ತಿರುವಿನಿಂದಲೇ ವಾಪಸ್. ವಿಜಯಪುರದಿಂದ ಗಲ್ಫಿನ ಈ ವಕ್ರಾ ಊರಿಗೆ ಬಂದು ಎರಡು ತಿಂಗಳು. ಸಮುದ್ರ ಹತ್ತು ನಿಮಿಷದ ದಾರಿ, ನೋಡಿದ್ದು ಕಾರಿನ ಗಾಜಿನಿಂದ ಮಾತ್ರ.

ಇವರಿಗೆ ಹದಿನೈದರಿಂದ ಎಣ್ಣೆ ಬಾವಿಯ ರಿಗ್ ಡ್ಯೂಟಿ. ಸಮುದ್ರದ ನಡುವೆ ಇಪ್ಪತ್ತೆಂಟು ದಿನ. ಊಟಕ್ಕೆ ಕುಳಿತಾಗ ಹೇಳಿದರು, "ನೀ ಯಾರ ಜೋಡೀನೂ ಮಾತಾಡೂದಿಲ್ಲ. ಒಬ್ಬಾಕಿ ಹೆಂಗ ಇರ್ತಿ? ಶುಕ್ರವಾರ ಊರಿಗೆ ಟಿಕೆಟ್ ಮಾಡಸ್ತೀನಿ."

ಹೂಂ ಅಂದೆ. ಹೋಗಲು ಮನಸ್ಸಿಲ್ಲ. ಅದನ್ನೂ ಹೇಳಲಾಗಲಿಲ್ಲ.

ನವೆಂಬರ್ ೪

ತಿರುವು ದಾಟಿದೆ! ಹಳೇ ಸೂಕ್ ಅನ್ನುವ ಪೇಟೆ — ಮಣ್ಣಿನ ಬಣ್ಣದ ಗೋಡೆ, ಸಣ್ಣ ಸಣ್ಣ ಓಣಿ. ಒಂದು ಬೆಕ್ಕಿನ ಹಿಂದೆ ನಡೆದೆ... ಓಣಿ ಮುಗಿದಲ್ಲಿ ಸಮುದ್ರ. ಸದ್ದೇ ಇಲ್ಲ. ಚಪ್ಪಲಿ ಕೈಯಲ್ಲಿ ಹಿಡಿದು ಮೊಣಕಾಲುದ್ದ ಇಳಿದೆ. ಇವರಿಗೆ ಹೇಳಿಲ್ಲ.

ನವೆಂಬರ್ ೬, ಸಂಜೆ

ಎದುರುಮನೆಯ ಬ್ರೆಂಡಾ ಅಕ್ಕ, ಉಡುಪಿಯವರು, "ಬಂದರಿಗೆ ಹೋಗ್ತಿಯಾದ್ರೆ ನನಗೊಂದು ಮೀನು ತಾ" ಅಂದರು. ಹೋದೆ. ದೋಣಿಯವನು ಬುಟ್ಟಿ ಮುಂದಿಟ್ಟ. ಒಂದು ಬೆರಳು ತೋರಿಸಿದೆ. ಯಾವುದು ಆರಿಸಲಿ ಅಂತ ನಿಂತರೆ, "ಯಲ್ಲಾ, ಯಲ್ಲಾ" ಅಂದ.

ಎಲ್ಲಾ? ಬೇಡ ಅನ್ನಲು ನಾಚಿಕೆ. ಎಲ್ಲಾ ಚೀಲಕ್ಕೆ ತುಂಬಿಕೊಂಡೆ. ಹನ್ನೊಂದು. ಆತ ಬಾಯಿ ತೆರೆದು ನೋಡುತ್ತಿದ್ದ.

ಬ್ರೆಂಡಾ ಅಕ್ಕ ನಕ್ಕು ನಕ್ಕು ಗೋಡೆ ಹಿಡಿದರು. "ಮಾರಾಯ್ತಿ, ಯಲ್ಲಾ ಅಂದ್ರೆ ಅರಬಿಯಲ್ಲಿ ಬೇಗ ಬೇಗ ಅಂತ. ಇನ್ನೆರಡು ಸಲ ಹೇಳಿದ್ರೆ ದೋಣಿಯನ್ನೂ ತರ್ತಿದ್ಯೋ ಏನೋ."

ಅವರ ಫ್ರಿಜ್ಜಿನಲ್ಲಿ ಮೂರಕ್ಕೇ ಜಾಗ. ಉಳಿದದ್ದನ್ನು ಹಿಡಿದು ಬಿಲ್ಡಿಂಗಿನ ಬಾಗಿಲುಗಳನ್ನು ಬಡಿದೆ. ಒಬ್ಬಳೇ. ಎಂಟು ಮನೆ. ಪ್ರತಿ ಮನೆಯಲ್ಲೂ ಹರಕು ಹಿಂದಿಯಲ್ಲಿ ಅದೇ ಕಥೆ. ಎಂಟನೆಯದಕ್ಕೆ ಬರುವಷ್ಟರಲ್ಲಿ ಚೆನ್ನಾಗಿಯೇ ಹೇಳುತ್ತಿದ್ದೆ.

ನವೆಂಬರ್ ೭, ಶುಕ್ರವಾರ

ಇವರನ್ನು ಲಿಫ್ಟಿನ ಹತ್ತಿರ ಮೂವರು ತಡೆದರಂತೆ — ಮಛಲಿ ಭಾಭಿಯ ಗಂಡ ನೀವೇನಾ ಅಂತ. ಮೀನಿನ ಅತ್ತಿಗೆ ಅಂದರೆ ನಾನೇ! ಒಳಗೆ ಬಂದು ನನ್ನನ್ನೇ ನೋಡಿದರು. ಟಿಕೆಟ್ ಬೇಡ, ಇಲ್ಲೇ ಇರುತ್ತೇನೆ ಅಂದೆ. ಅಂದೇಬಿಟ್ಟೆ.

"ಇರು. ನಾ ಇಲ್ಲಿ ಬಂದ ಎರಡ ವರ್ಷದಾಗ ಒಂದ ಬಾಗಲಾನೂ ಬಡದಿಲ್ಲ."

ನವೆಂಬರ್ ೧೬

ನಿನ್ನೆ ಹೋದರು. ಬೆಳಗ್ಗೆ ರಿಗ್ಗಿನಿಂದ ಫೋನ್. "ಹೆದರಿಕಿ ಏನಿಲ್ಲಲ್ಲಾ?" ಇಲ್ಲ ಅಂದೆ. ಮಧ್ಯಾಹ್ನ ಮತ್ತೆ — ಎಲ್ಲಿ ತನಕ ನಡೆದೆ ಅಂತ. ದೋಣಿ ರಿಪೇರಿ ಮಾಡುವಲ್ಲಿ ತನಕ ಅಂದೆ.

"ಇಲ್ಲಿ ನಾಕೂ ಕಡೆ ಬರೇ ನೀರ. ಇನ್ನೊಮ್ಮಿ ಹೇಳ, ಮನೀ ಬಾಗಲದಿಂದ ಹೆಂಗ ನಡದಿ ಅಂತ."

ಈಗ ಮೂರನೇ ಸಲ ಫೋನ್ ಬರುತ್ತಿದೆ. ನಿಧಾನವಾಗಿ ಹೇಳಬೇಕು. ಬೇಗ ಮುಗಿಸಿದರೆ ಇವರು ಆ ನೀರಿನ ನಡುವೆ ಮತ್ತೆ ಒಬ್ಬರೇ.