ಹೊಳೆಗೆ ಬಿಳಿ ಬೇಡ

ಅಟ್ಲಾಸ್ ಬೆಟ್ಟದ ಮೇಲಿನಿಂದ

ಮಗಳು ತೂದಾಗೆ ಅಪ್ಪನ ಹಾರೈಕೆಗಳು.

ನಾವಿಬ್ಬರೂ ಮೇಕೆಗಳೂ ಚೆನ್ನಾಗಿದ್ದೇವೆ. ಬೇಸಿಗೆ ಮುಗಿಯುತ್ತ ಬಂತು, ಹೊಳೆ ಮೊಣಕಾಲಿಗಿಂತ ಕೆಳಗಿಳಿದಿದೆ. ಕೆಂಪು ಚುಕ್ಕೆಯ ಟ್ರೌಟ್ ಮೀನುಗಳೆಲ್ಲ ದೇವದಾರು ಮರದಡಿಯ ತಣ್ಣನೆ ಮಡುವಿಗೆ ಬಂದು ಸೇರಿವೆ. ಮೊದಲ ಮಳೆಗೆ ನೀರು ಕದಡುವ ಮುಂಚೆ ನೀನು ಬರಬೇಕು.

ಲಹ್ಸೆನ್ ತೀರಿಕೊಂಡ ಮೇಲೆ ಗಂಡನ ಶೋಕಕ್ಕೆಂದು ಬಿಳಿ ಉಡುವ ತಿಂಗಳುಗಳು ಮುಗಿದರೂ ನೀನು ಬಿಳಿ ಬಿಟ್ಟಿಲ್ಲವೆಂದು ನಿನ್ನತ್ತೆ ಹೇಳಿಕಳಿಸಿದ್ದಾರೆ. ಅದಕ್ಕೆ ನಾನೇನೂ ಹೇಳುವುದಿಲ್ಲ. ಆದರೆ ತಿಳಿನೀರಿನ ದಡದಲ್ಲಿ ಬಿಳಿ ಕಂಡರೆ ಮೀನು ಕಲ್ಲಿನಡಿ ಸೇರಿಬಿಡುತ್ತದೆ, ನಿನಗೇ ಗೊತ್ತು. ಮದುವೆಯಾದ ವರ್ಷ ಲಹ್ಸೆನ್ ಹೊಸ ಬಿಳಿ ನಿಲುವಂಗಿಯಲ್ಲೇ ಗಾಳ ಹಾಕಿ ಕೂತಿದ್ದ.

"ಮಾವ, ನಿಮ್ಮ ಹೊಳೇಲಿ ಮೀನೇ ಇಲ್ಲ" ಅಂದ.

"ಇವೆ, ಮದುಮಗನ್ನ ನೋಡಿ ನಾಚಿಕೊಂಡಿವೆ" ಅಂದೆ ನೀನು. ಎಲ್ಲರಿಗಿಂತ ಜೋರಾಗಿ ನಕ್ಕವನು ಅವನೇ. ಮರುದಿನ ನನ್ನ ಹತ್ತಿರ ಕಂದು ನಿಲುವಂಗಿ ಕೇಳಿ ತೊಟ್ಟುಕೊಂಡ, ಆಮೇಲೆ ಅದು ಅವನದೇ ಆಯಿತು.

"ಮೀನಿನ ನೆಪ ಯಾಕೆ, ನೇರವಾಗಿ ಬರೀರಿ" ಅಂತ ನಿನ್ನಮ್ಮ ಪಕ್ಕದಲ್ಲೇ ಗೊಣಗುತ್ತಿದ್ದಾಳೆ. ನಾನಾಗಿ ಕಲಿತ ಅಕ್ಷರ ಇಷ್ಟಕ್ಕೇ ಸಾಲುವುದು, ಮಗಳೇ.

ಬರುವಾಗ ಪೇಟೆಯಿಂದ ಸಣ್ಣ ಗಾಳದ ಕೊಕ್ಕೆ ತಾ. ಮಿಡತೆ ನಾನು ಹಿಡಿದಿಡುತ್ತೇನೆ. ಬಿಳಿ ಬಟ್ಟೆಯನ್ನೂ ತಾ, ಮನೆಯಲ್ಲಿ ಉಟ್ಟುಕೋ. ಹೊಳೆಗೆ ಹೋಗುವಾಗ ಮಾತ್ರ ಆ ಕಂದು ನಿಲುವಂಗಿ ಇದೆ. ಅವನು ತೂಗುಹಾಕಿ ಹೋಗಿದ್ದ ಮೊಳೆಯಿಂದ ಇಳಿಸಿ, ತೋಳು ಮಡಚಿ, ನಿನ್ನ ಅಳತೆಗೆ ಹೊಲಿದಿಟ್ಟಿದ್ದಾಳೆ, ಈ ಗೊಣಗುವವಳು.

ದಾರಿ ನೋಡುತ್ತಿರುವ
ನಿನ್ನ ಅಪ್ಪ ಹಮ್ಮೂ