ಹಡಗಿನಲ್ಲಿ ನನ್ನ ಹೆಸರಿನ ಕುರ್ಚಿ

ಮೆಟ್ರಿ
11 ಫೆಬ್ರವರಿ 2025

ನನ್ನ ಗಂಗಾಗೆ,

ಅವ್ವನ ಅಕ್ಕರೆಯ ಆಶೀರ್ವಾದ. ನಾವಿಲ್ಲಿ ಆರಾಮ ಇದ್ದೇವೆ, ಹುಬ್ಬಳ್ಳಿಯಲ್ಲಿ ನೀನೂ ಆರಾಮ ಇರಬೇಕು. ಹಡಗಿನಿಂದ ಬಂದು ಮೂರು ವಾರವಾಯಿತು. ನೀನು ಫೋನ್ ಮಾಡಿದಾಗಲೆಲ್ಲ "ಹೆಂಗಿತ್ತವ್ವಾ?" ಅಂತ ಕೇಳಿದೆ. ನಾನು "ಚಲೋ ಇತ್ತು" ಅಂದು ಫೋನನ್ನು ನಿನ್ನ ಅಪ್ಪನ ಕೈಗೆ ಕೊಟ್ಟೆ. ಬೇಜಾರು ಮಾಡಿಕೊಳ್ಳಬೇಡ. ಬರೆಯೋಣ ಎಂದು ಎರಡು ಸಲ ಕೂತು ಎದ್ದೆ. ಇವತ್ತು ಅವರು ಅಂಗಡಿಗೆ ಗೊಬ್ಬರದ ಲೋಡು ಬರುತ್ತದೆ ಎಂದು ಬೆಳಿಗ್ಗೆಯೇ ಕಂಪ್ಲಿಗೆ ಹೋದರು. ಮನೆಯಲ್ಲಿ ನಾನೊಬ್ಬಳೇ.

ನಾಟಿ ಮುಗಿಯಿತು. ಕರೆಮ್ಮನ ಗುಂಪಿನವರೇ ಬಂದು ನೆಟ್ಟು ಹೋದರು. ಕಾಲುವೆ ನೀರು ಇನ್ನೂ ಬರುತ್ತಿದೆ. ಎಮ್ಮೆ ಹೆಣ್ಣು ಕರು ಹಾಕಿದೆ, ಹಣೆಯ ಮೇಲೆ ಬಿಳಿ ಮಚ್ಚೆ. ಗಿಣ್ಣ ಮಾಡಿದಾಗ ನೀನು ಇಲ್ಲವಲ್ಲ ಅನ್ನಿಸಿತು.

ಹಡಗಿನ ಸುದ್ದಿಗೆ ಬರುತ್ತೇನೆ. ಗೊಬ್ಬರದ ಕಂಪನಿಯವರು ಚೆನ್ನಾಗಿ ಮಾಲು ಮಾರಿದ ಅಂಗಡಿಯವರನ್ನು ಹೆಂಡತಿಯರ ಸಮೇತ ಕರೆದುಕೊಂಡು ಹೋಗುತ್ತಾರೆ ಅಂದಾಗ ನಾನು ಎಷ್ಟು ಕುಣಿದಿದ್ದೆ, ನಿನಗೆ ಗೊತ್ತು. ಹೊಸಪೇಟೆಗೆ ಹೋಗಿ ಎರಡು ಹೊಸ ಸೀರೆ ತಂದೆ. ತುಂಗಭದ್ರೆಯ ತೆಪ್ಪ ಬಿಟ್ಟರೆ ನೀರಿನ ಮೇಲೆ ಯಾವತ್ತೂ ಕಾಲಿಟ್ಟವಳಲ್ಲ ನಾನು. ಮುಂಬೈಯಲ್ಲಿ ಹಡಗು ಹತ್ತುವ ಸಾಲಿನಲ್ಲಿ ಸಂಡೂರಿನ ಹಾಲೇಶಣ್ಣ, ಅವರ ಹೆಂಡತಿ ರೇಣುಕಮ್ಮ ಸಿಕ್ಕರು. ಹಾಲೇಶಣ್ಣನದೂ ಗೊಬ್ಬರದ ಅಂಗಡಿಯೇ. ರೇಣುಕಮ್ಮ ನನ್ನ ಕೈ ಹಿಡಿದು "ಬರ್ರಿ ಅಕ್ಕಾ, ಇಬ್ಬರೂ ಜೋಡಿ ತಿರುಗಾಡೂಣು" ಅಂದರು. ಒಳಗೆ ಹೋದ ಮೇಲೆ ಅವರ ರೂಮು ಎಲ್ಲೋ, ನಮ್ಮದು ಎಲ್ಲೋ. ಅದು ಹಡಗಲ್ಲ ಮಗಳೇ, ನಮ್ಮ ಮೆಟ್ರಿಯನ್ನು ಪೂರಾ ಒಳಗಿಟ್ಟರೂ ಇನ್ನೂ ಜಾಗ ಉಳಿಯುತ್ತಿತ್ತು.

ಎಲ್ಲರಿಗೂ ಒಂದು ಕಾರ್ಡು ಕೊಟ್ಟರು. ರೂಮಿನ ಬಾಗಿಲು ತೆರೆಯುವುದೂ ಅದೇ, ಏನಾದರೂ ಕೊಂಡರೆ ಲೆಕ್ಕ ಬೀಳುವುದೂ ಅದಕ್ಕೇ. ಊಟಕ್ಕೆ ಎರಡು ಜಾಗ. ಮೇಲಿನ ಅಂತಸ್ತಿನಲ್ಲಿ ಬಫೆ. ತಾಟು ತೆಗೆದುಕೊಂಡು ಬೇಕಾದ ಹೊತ್ತಿಗೆ ಬೇಕಾದ್ದು ಬಡಿಸಿಕೊಂಡು ಎಲ್ಲಿ ಬೇಕಾದರೂ ಕೂರಬಹುದು. ಕೆಳಗೆ ದೊಡ್ಡ ಡೈನಿಂಗ್ ಹಾಲು. ಅಲ್ಲಿ ಹೊತ್ತು ಗೊತ್ತು ಮಾಡಿರುತ್ತಾರೆ, ಮೇಜಿಗೆ ನಂಬರು ಇರುತ್ತದೆ, ಒಂದೊಂದೇ ಪದಾರ್ಥ ತಂದು ಮುಂದಿಡುತ್ತಾರೆ. ಚಮಚ, ಮುಳ್ಳುಚಮಚ, ಚಾಕು ಎಲ್ಲ ಸಾಲಾಗಿ ಜೋಡಿಸಿರುತ್ತಾರಂತೆ. ನಾನು ನೋಡಲಿಲ್ಲ.

ಮೊದಲನೆಯ ಸಂಜೆ ನಿನ್ನ ಅಪ್ಪ ಇಸ್ತ್ರಿಯ ಅಂಗಿ ತೊಟ್ಟರು. ನಾನೂ ಹೊಸ ಸೀರೆ ಉಟ್ಟೆ. "ನೀ ಮ್ಯಾಲೆ ಹೋಗಿ ಉಣ್ಣು" ಅಂದರು. "ಕೆಳಗ ಅಂಗಡಿಯವರು, ಕಂಪನಿ ಸಾಹೇಬ್ರು ಅಷ್ಟ. ಅಲ್ಲಿ ಬರೇ ಯಾಪಾರದ ಮಾತು. ಮ್ಯಾಲೆ ಬಿಸಿ ಬಿಸಿ ಅನ್ನ ಸಾರು ಇರ್ತೈತಂತ."

ನಾನು ನಂಬಿದೆ. ಉಟ್ಟ ಹೊಸ ಸೀರೆಯಲ್ಲೇ ಮೇಲೆ ಹೋದೆ.

ಅಲ್ಲಿ ನೂರೆಂಟು ಪದಾರ್ಥ. ಯಾವುದರ ಮುಂದೆಯೂ ರೇಟು ಬರೆದಿರಲಿಲ್ಲ. ಏನು ಮುಟ್ಟಿದರೆ ಎಷ್ಟು ಬೀಳುತ್ತದೋ, ಕಾರ್ಡಿಗೆ ಲೆಕ್ಕ ಬಂದರೆ ಇವರು ಬೈಯುತ್ತಾರೆ ಎಂದು ಒಂದಿಷ್ಟು ಅನ್ನ, ಮೊಸರು ಹಾಕಿಕೊಂಡು ಮೂಲೆಯಲ್ಲಿ ಕೂತೆ. ಬಡಿಸುವ ಹುಡುಗಿಯೊಬ್ಬಳು ಬಂದು "ದೀದಿ, ಬರೀ ಇಷ್ಟೇನಾ?" ಅಂತ ಹಿಂದಿಯಲ್ಲಿ ಕೇಳಿದಳು. ಡಾರ್ಜಿಲಿಂಗ್ ಕಡೆಯವಳು, ಹೆಸರು ಬಿನೀತಾ, ನಿನ್ನ ವಯಸ್ಸಿರಬೇಕು. ಹೊಸಪೇಟೆ ಬಜಾರಿನಲ್ಲಿ ಕಲಿತ ನನ್ನ ಹಿಂದಿಯಲ್ಲೇ ನನ್ನ ಹೆದರಿಕೆ ಹೇಳಿದೆ. ಅವಳು ನಗಲಿಲ್ಲ. ಟಿಕೇಟಿನಲ್ಲೇ ಊಟ ಸೇರಿದೆ, ಎಷ್ಟು ಸಲ ತಂದುಕೊಂಡರೂ ಯಾರೂ ಕೇಳುವುದಿಲ್ಲ ಅಂದು, ತಾನೇ ಹೋಗಿ ಬಿಸಿ ರೊಟ್ಟಿ, ಬದನೆಕಾಯಿ ಪಲ್ಯ ತಂದಿಟ್ಟಳು.

ಉಂಡು ಏಳುವಾಗ ತಾಟಿನ ಕೆಳಗೆ ನೂರರ ನೋಟು ಇಟ್ಟು ಬಂದೆ. ಹೊಸಪೇಟೆಯಲ್ಲಿ ಚಹಾ ಕುಡಿದೆದ್ದಾಗ ನಿನ್ನ ಅಪ್ಪ ಹತ್ತು ರೂಪಾಯಿ ಇಡುವುದನ್ನು ನೋಡಿದ್ದೆ, ಹಡಗಿಗೆ ನೂರಾದರೂ ಬೇಕು ಅನ್ನಿಸಿತು. ನಾನು ನೋಟು ಮರೆತು ಹೋದೆ ಅಂದುಕೊಂಡು ಬಿನೀತಾ ಲಿಫ್ಟಿನ ತನಕ ಓಡಿ ಬಂದಳು. ಟಿಪ್ಸ್ ಅಂದದ್ದಕ್ಕೆ ಬೇಡವೆಂದು ಕೈಗೇ ತುರುಕಿದಳು. ತಲೆಗೆ ಇಷ್ಟು ಎಂದು ದಿನಾ ಕಾರ್ಡಿನಲ್ಲಿ ಅದು ಸೇರುತ್ತದಂತೆ. ಬಡಿಸುವವರಿಗಷ್ಟೇ ಅಲ್ಲ, ಒಳಗೆ ತಾಟು ತೊಳೆಯುವವರಿಗೂ ಹಾಸಿಗೆ ಹಾಸುವವರಿಗೂ ಅದರಲ್ಲಿ ಪಾಲು ಉಂಟಂತೆ. ನನಗೆ ಸಮಾಧಾನವಾಯಿತು.

ಆಮೇಲೆ ದಿನಾ ಅವಳು ನನಗಾಗಿ ಕಿಟಕಿಯ ಪಕ್ಕದ ಮೇಜು ಹಿಡಿದಿಡುತ್ತಿದ್ದಳು. ಜನ ಕಡಿಮೆ ಇದ್ದಾಗ ನಿಂತುಕೊಂಡೇ ತನ್ನ ಊರಿನ ಸುದ್ದಿ ಹೇಳುತ್ತಿದ್ದಳು. ನಾನು ನಿನ್ನ ಫೋಟೋ ತೋರಿಸಿದೆ, ಬ್ಯಾಂಕಿನಲ್ಲಿ ಕೆಲಸ ಎಂದು ಹೇಳಿಕೊಂಡೆ. "ಸಾಹೇಬರು ಯಾಕೆ ನಿಮ್ಮ ಜೊತೆ ಬರುವುದಿಲ್ಲ?" ಅಂತ ಒಂದು ಸಲ ಕೇಳಿದಳು. ಮೀಟಿಂಗು ಅಂದೆ. ನನಗೂ ಅಷ್ಟೇ ಗೊತ್ತಿತ್ತು. ರೇಣುಕಮ್ಮ ಮಾತ್ರ ಬಫೆಯಲ್ಲಿ ಒಮ್ಮೆಯೂ ಕಾಣಲಿಲ್ಲ. ಬೇರೆ ಹೊತ್ತಿಗೆ ಬಂದು ಹೋಗುತ್ತಾರೇನೋ ಅಂದುಕೊಂಡೆ.

ಕಡೆಯ ಬೆಳಿಗ್ಗೆ ಬಾಗಿಲ ಕೆಳಗಿಂದ ಬಿಲ್ಲು ತೂರಿಸಿದ್ದರು. ಅದರಲ್ಲಿ ಟಿಪ್ಸಿನ ಲೆಕ್ಕ ನೋಡಿ ನಿನ್ನ ಅಪ್ಪನಿಗೆ ಸಿಟ್ಟು ಬಂತು. "ಕೇಳದ ಹೆಂಗ ಹಿಡಿತಾರ ಇವ್ರು? ಎಲ್ಲಾ ಕಂಪನಿದ ಅಂದಿದ್ರು" ಅಂತ ಕೌಂಟರಿಗೆ ಹೊರಟರು, ನನ್ನನ್ನೂ ಕರೆದರು. ದೊಡ್ಡ ಸಾಲಿತ್ತು. ನಮ್ಮ ಹಿಂದೆಯೇ ಹಾಲೇಶಣ್ಣ, ರೇಣುಕಮ್ಮ ಬಂದು ನಿಂತರು.

ರೇಣುಕಮ್ಮ ನನ್ನ ಹಣೆ ಮುಟ್ಟಿ ನೋಡಿದರು. "ಈಗ ಆರಾಮ ಅದೀರೇನ್ರಿ ಅಕ್ಕಾ? ಭಾಳ ಸೊರಗೀರಿ. ದಿನಾ ನಿಮ್ಮ ಕುರ್ಚಿ ಮುಂದ ತಾಟು ಇಡತಿದ್ರು, ಹಂಗ ತೆಗೀತಿದ್ರು. ನಾ ರೂಮಿಗೆ ಬಂದು ನೋಡ್ತೀನಿ ಅಂದ್ರ, ಬ್ಯಾಡ, ವಾಂತಿ ಮಾಡಿ ಮಾಡಿ ಈಗ ಮಲಗ್ಯಾಳ ಅಂತಿದ್ರು ನಿಮ್ಮನಿಯವ್ರು."

ನಾನು ನಿನ್ನ ಅಪ್ಪನ ಕಡೆ ನೋಡಿದೆ. ಅವರು ಬಿಲ್ಲು ನೋಡುತ್ತಿದ್ದರು.

ಹೆಂಗಸರು ಎಲ್ಲರೂ ಆ ಹಾಲಿನಲ್ಲೇ ಉಂಡಿದ್ದರು, ಗಂಗಾ. ನನಗೂ ಅಲ್ಲಿ ಕುರ್ಚಿ ಇತ್ತು. ಮೈಯಲ್ಲಿ ಒಂದು ಚೂರೂ ಜಡ್ಡಿಲ್ಲದ ನಾನು ನಾಲ್ಕು ದಿನ ಕೆಳಗೆ ಉಂಡವರ ಲೆಕ್ಕದಲ್ಲಿ ಹಾಸಿಗೆ ಹಿಡಿದಿದ್ದೆ. "ಈಗ ಆರಾಮ ಐತವ್ವಾ" ಅಂದೆ. ಬೇರೆ ಏನು ಅನ್ನಲಿ, ಹಾಲೇಶಣ್ಣ ಪಕ್ಕದಲ್ಲೇ ಇದ್ದರು.

ನಮ್ಮ ಪಾಳಿ ಬಂತು. ಕೌಂಟರಿನವನು ಟಿಪ್ಸ್ ಯಾಕೆ ಎಂದು ಮೆತ್ತಗೆ ವಿವರಿಸಿದ. ನಿನ್ನ ಅಪ್ಪ ತಮ್ಮ ಪಾಲಿಗೆ ಸುಮ್ಮನಾದರು. ಆದರೆ ನನ್ನ ಪಾಲಿನದು ತೆಗೆಯಲೇಬೇಕು ಎಂದು ಹಿಡಿದರು. "ಇವಳು ಹುಷಾರಿಲ್ಲದೆ ರೂಮಿನಲ್ಲೇ ಮಲಗಿದ್ದಳು. ಒಂದು ಹೊತ್ತೂ ಊಟಕ್ಕೆ ಹೋಗಿಲ್ಲ. ಇವಳಿಗೆ ಬಡಿಸಿದವರು ಯಾರು? ನಾನು ಯಾರಿಗೆ ಕೊಡಲಿ?" ಅಂತ ಹರಕು ಹಿಂದಿಯಲ್ಲಿ ಕೇಳಿದರು. ಅವನು ನನ್ನ ಕಡೆ ತಿರುಗಿ, "ಮೇಡಂ, ನೀವು ಎಲ್ಲೂ ಊಟ ಮಾಡಲಿಲ್ಲವೇ?" ಅಂದ.

ರೇಣುಕಮ್ಮನ ಕೈ ನನ್ನ ಭುಜದ ಮೇಲಿತ್ತು. ಇಲ್ಲ, ಮೇಲೆ ದಿನಾ ಉಂಡಿದ್ದೇನೆ ಅಂದರೆ ನಿನ್ನ ಅಪ್ಪನ ಮಾನ ಅಲ್ಲೇ ಹೋಗುತ್ತಿತ್ತು. ಉಣ್ಣಲಿಲ್ಲ ಎಂದು ತಲೆಯಾಡಿಸಿದೆ. ಅವನು ನನ್ನ ಪಾಲನ್ನು ತೆಗೆದ. "ಬೇಗ ಗುಣವಾಗಿ ಮೇಡಂ" ಅಂದ.

ರೂಮಿಗೆ ಬಂದು ಚೀಲದಿಂದ ಐನೂರರ ನೋಟು ತೆಗೆದು, ಮುಷ್ಟಿಯಲ್ಲಿ ಹಿಡಿದು ಮೇಲೆ ಹೋದೆ. ಬಿನೀತಾ ಮೇಜು ಒರೆಸುತ್ತಿದ್ದಳು. ಕೊಡಹೋದರೆ ಕೈ ಹಿಂದಕ್ಕೆ ಕಟ್ಟಿಕೊಂಡಳು. "ಬೇಡ ದೀದಿ, ನಿಮ್ಮ ಕಾರ್ಡಿನಿಂದ ಬಂದೇ ಬರುತ್ತದೆ. ಎರಡೆರಡು ಸಲ ಯಾಕೆ ಕೊಡುತ್ತೀರಿ?" ಅಂದಳು. ಅದನ್ನು ಈಗಷ್ಟೇ ನಾನೇ ನಿಂತು ತೆಗೆಸಿ ಬಂದೆ ಎಂದು ಹೇಳಲು ಬಾಯಿ ಬರಲಿಲ್ಲ. ಅಷ್ಟರಲ್ಲಿ ಅವಳನ್ನು ಯಾರೋ ಕರೆದರು. ಹೋಗುವ ಮುಂಚೆ ಬಗ್ಗಿ ನನ್ನ ಕಾಲು ಮುಟ್ಟಿದಳು, ಮಗಳಿಗೆ ನನ್ನ ನಮಸ್ಕಾರ ಹೇಳಿ ಅಂದಳು. ಹೇಳಿದ್ದೇನೆ. ನೋಟನ್ನು ಮೇಜಿನ ಮೇಲಾದರೂ ಇಟ್ಟು ಬರಬೇಕಿತ್ತು. ಅಷ್ಟು ಬುದ್ಧಿ ಆಗ ಹೊಳೆಯಲಿಲ್ಲ. ಹಾಗೇ ಹಿಡಿದುಕೊಂಡು ಇಳಿದು ಬಂದೆ.

ಊರಿಗೆ ಬಂದರೆ ನಿನ್ನ ಸೋದರತ್ತೆ ಬಸಕ್ಕ ಜೀರಿಗೆ ಕಷಾಯ ಮಾಡಿಕೊಂಡು ಬಂದಳು. ಅವಳಿಗೂ ಸುದ್ದಿ ಮುಟ್ಟಿತ್ತು. "ಹಡಗು ನಿನಗ ಆಗಿ ಬರಲಿಲ್ಲಂತಲ್ಲವ್ವಾ" ಅಂದಳು. ಹೌದು ಅಂದು ಕುಡಿದೆ. ಈಗ ಅಕ್ಕಪಕ್ಕದವರು ಕೇಳಿದರೆ ನಾನೇ ಮೊದಲು ವಾಂತಿಯ ಕಥೆ ಹೇಳುತ್ತೇನೆ. ಹೇಳಿ ಹೇಳಿ ರೂಢಿಯಾಗಿದೆ. ಹೇಳುವಾಗ ಮಾತ್ರ ಬಿನೀತಾ ಎಲ್ಲೋ ನಿಂತು ಕೇಳಿಸಿಕೊಳ್ಳುತ್ತಿದ್ದಾಳೆ ಅನ್ನಿಸಿ ಮುಖ ಬಿಸಿಯಾಗುತ್ತದೆ.

ನಿನ್ನ ಅಪ್ಪ ಕೆಟ್ಟವರಲ್ಲ. ಬರುವಾಗ ಮುಂಬೈ ಸ್ಟೇಷನ್ನಿನಲ್ಲಿ ನಾನು ಕೇಳದೆಯೇ ನನಗೊಂದು ಶಾಲು ಕೊಡಿಸಿದರು. ಹೊದ್ದುಕೊಂಡಿಲ್ಲ ಇನ್ನೂ.

ನೀನು ಹೊತ್ತಿಗೆ ಸರಿಯಾಗಿ ಉಣ್ಣು. ಬ್ಯಾಂಕಿನಲ್ಲಿ ಕೂತು ಕೂತು ಬೆನ್ನು ನೋವು ಅಂದಿದ್ದೆ, ಸಂಜೆ ನಾಲ್ಕು ಹೆಜ್ಜೆ ನಡೆ. ಶೇಂಗಾ ಚಟ್ನಿ, ಗುರೆಳ್ಳು ಪುಡಿ ಕಟ್ಟಿಟ್ಟಿದ್ದೇನೆ, ಯಾರಾದರೂ ಹುಬ್ಬಳ್ಳಿ ಕಡೆ ಬರುವವರಿದ್ದರೆ ಕಳಿಸುತ್ತೇನೆ. ಎಲ್ಲಿದ್ದರೂ ನಿನ್ನ ಹೊಟ್ಟೆ ತಣ್ಣಗಿರಲಿ, ತಲೆ ಎತ್ತಿ ಬಾಳು.

ನಿನ್ನ ಅವ್ವ,
ಹಂಪಮ್ಮ

ಮತ್ತೆ:

ಮಡಚಿ ಕವರಿಗೆ ಹಾಕಿದವಳು ಮತ್ತೆ ಬಿಚ್ಚಿದೆ. ಇದನ್ನು ಬರೆಯದೆ ಕಳಿಸಿದರೆ ಮೇಲೆ ಬರೆದದ್ದೆಲ್ಲ ಅರ್ಧ ಸುಳ್ಳಾಗುತ್ತದೆ.

ಊರಿಗೆ ಬಂದ ಮರುದಿನ ನಿನ್ನ ಅಪ್ಪನನ್ನು ಕೇಳಿದೆ. "ಬ್ಯಾಡ ಅಂದಿದ್ರ ನಾ ಬರ್ತಾನ ಇರಲಿಲ್ಲ. ಇಲ್ಲದ ಜಡ್ಡು ಯಾಕ ಹಚ್ಚಿದ್ರಿ ನನಗ?" ಅವರು ಅಂಗಡಿಗೆ ಹೊರಟಿದ್ದರು. ಚಪ್ಪಲಿ ಮೆಟ್ಟುತ್ತಾ ಅಂದರು: "ನನ್ನ ಯಾಕ ಕೇಳ್ತಿ? ನಿನ್ನ ಮಗಳು ಹೇಳಿದ್ಳು. ಅವ್ವನ್ನ ಆ ದೊಡ್ಡ ಹಾಲಿಗೆ ಕರ್ಕೊಂಡು ಹೋಗಬ್ಯಾಡ ಅಪ್ಪಾ, ಆಕಿ ಉಂಡಾದ ಮ್ಯಾಲೆ ತಾಟು ಎತ್ತಿ ಸಾರು ಕುಡೀತಾಳ, ಕಂಪನಿ ಮಂದಿ ಮುಂದ ನಿನ್ನ ಮರ್ಯಾದಿ ಹೋಗತೈತಿ, ಅಂತ."

ತಮ್ಮ ತಪ್ಪನ್ನು ನಿನ್ನ ಮೇಲೆ ಹಾಕುತ್ತಿದ್ದಾರೆ ಎಂದು ನಂಬಲು ನೋಡಿದೆ. ಈ ಮೂರು ವಾರವೂ ಅದನ್ನೇ ನೋಡಿದೆ. ಆದರೆ ಗಂಗಾ, ನಾನು ತಾಟು ಎತ್ತಿ ಸಾರು ಕುಡಿಯುವುದು ಅವರಿಗೆ ಗೊತ್ತಿಲ್ಲ. ಮದುವೆಯಾದಾಗಿನಿಂದ ಅವರು ಉಂಡೆದ್ದು ಹೋದ ಮೇಲೆ ನಾನು ಅಡುಗೆಮನೆಯಲ್ಲಿ ಕೂತು ಉಂಡವಳು. ನಾನು ಹೇಗೆ ಉಣ್ಣುತ್ತೇನೆ ಎಂದು ಅವರು ಒಂದು ದಿನವೂ ನೋಡಿಲ್ಲ. ನನ್ನ ಪಕ್ಕದಲ್ಲಿ ಕೂತು ಉಂಡವಳು ನೀನೊಬ್ಬಳೇ.

ಇದಕ್ಕೆ ಫೋನ್ ಮಾಡಬೇಡ. ನೀನು ಅತ್ತರೆ ನಾನು "ಹೋಗಲಿ ಬಿಡವ್ವಾ" ಅಂದುಬಿಡುತ್ತೇನೆ.