ತಪ್ಪಿದ ಮರಿಯ ಪ್ರಾಸ

ಉದ್ದನಪಲ್ಲಿ
12-2-2025, ಬುಧವಾರ ಮಧ್ಯಾಹ್ನ

ನನ್ನ ಮುನಿಸಿನ ಮೇಕೆ ಸರಳಾಗೆ,

ನಿಮ್ಮಮ್ಮ ಕೇಳುತ್ತಾಳೆ: ಊಟ ಆಯಿತೇ, ಸಿಟ್ಟು ಇಳಿಯಿತೇ? ಐದು ವರ್ಷದ ಮೇಲೆ ಬರೆಯುವ ಕಾಗದಕ್ಕೆ ಇದಕ್ಕಿಂತ ಒಳ್ಳೆಯ ಒಕ್ಕಣೆ ಹೊಳೆಯಲಿಲ್ಲ. ಈ ಕಾಲದಲ್ಲಿ ಕಾಗದವೇಕೆ ಅಂತ ನೀನು ನಗಬಹುದು. ಮನೆಗೆಲ್ಲ ಒಂದೇ ಆದ ಅಪ್ಪನ ಫೋನೇ ಈಗ ನಮ್ಮ ಮನೆಯ ಆರೋಪಿ. ಸೋಮವಾರದಿಂದ ನಾನದನ್ನು ಮುಟ್ಟಿಲ್ಲ. ಪಕ್ಕದ ಮನೆ ನರಸಮ್ಮ ನಾಳೆ ಬೆಳಿಗ್ಗೆ ಫ್ಯಾಕ್ಟರಿ ಬಸ್ಸಿಗೆ ಹೋಗುವಾಗ ಇದನ್ನು ಊಟದ ಚೀಲದಲ್ಲಿಟ್ಟುಕೊಂಡು ತರುತ್ತಾಳೆ. ಆಲಸನತ್ತಂನಲ್ಲಿ ನಿನ್ನ ಮನೆ ಎಲ್ಲಿ ಅಂತ ಅವಳಿಗೆ ಗೊತ್ತಂತೆ. ಇಷ್ಟು ದಿನ ಅವಳು ಹೇಳಲಿಲ್ಲ, ನಾನು ಕೇಳಲಿಲ್ಲ.

ಮೊದಲು ಮುಖ್ಯ ಸಂಗತಿ. ಕಳೆದುಹೋದ ಕುರಿಮರಿಯ ನಿನ್ನ ವಿಡಿಯೋದ ಕೆಳಗೆ ನಿಮ್ಮಪ್ಪನ ಹೆಸರಲ್ಲಿ ಒಂದು ಕಾಮೆಂಟ್ ಬಂತಲ್ಲ, ನೀನು ಅದಕ್ಕೊಂದು ಕೆಂಪು ಹೃದಯ ಒತ್ತಿದೆಯಲ್ಲ, ಅದು ಅಪ್ಪನದಲ್ಲ. ನನ್ನದು. ಹೃದಯ ವಾಪಸ್ ತಗೋಬೇಡ.

ಸಂಕ್ರಾಂತಿ ಕಳೆದ ವಾರ ಶುರುವಾದದ್ದು ಇದು. ಕದಿರಮ್ಮನವರು, ಅಂದರೆ ನಿಮ್ಮಜ್ಜಿ, ಈಗ ಫೋನಿನ ಜೊತೆ ಮಾತಾಡುವುದು ಕಲಿತಿದ್ದಾರೆ. ಅಕ್ಷರ ಬರುವುದಿಲ್ಲವಲ್ಲ, ನಿಮ್ಮ ದೊಡ್ಡಪ್ಪನ ಮಗ ತಿಲಕ್ ಅದರಲ್ಲಿರುವ ಮೈಕಿನ ಚಿತ್ರ ತೋರಿಸಿ, ಇದನ್ನೊತ್ತಿ ಬಾಯಲ್ಲಿ ಹೇಳಜ್ಜಿ, ಅದೇ ಬರ್ಕೊಳ್ತದೆ, ಆಮೇಲೆ ಈ ಬಾಣ ಒತ್ತು ಅಂತ ಹೇಳಿಕೊಟ್ಟಿದ್ದಾನೆ. ಅವತ್ತು ಜಗಲಿಯಲ್ಲಿ ಕೂತು "ಕುರಿ ಮೇಕೆ ಹಾಡು ಹಾಕಪ್ಪ" ಅಂದರು. ನಾನು ಒಳಗೆ ಮುದ್ದೆ ತೊಳಸುತ್ತಿದ್ದೆ. ಹೊರಗಿಂದ ನಿನ್ನ ದನಿ ಬಂತು:

ಮೇಕೆ ಮೇಕೆ ಮುನಿಸ್ಯಾಕೆ?
ಹಡಗು ಹತ್ತು, ಮಳೆ ಜೋಕೆ!

ಮುದ್ದೆ ಕೋಲು ಪಾತ್ರೆಯಲ್ಲೇ ನಿಂತಿತು. ‘ಮುದ್ದೆ ಉಂಟು, ಸೊಪ್ಪು ಬೇಕೆ?’ ಅಂತ ನಾನು ನಿನಗೆ ಉಣ್ಣಿಸಲು ಕಟ್ಟಿದ ಸಾಲು, ನೋಹನ ಹಡಗಿಗೆ ಯಾವಾಗ ಹತ್ತಿತು? ಬಂದು ನೋಡಿದರೆ ಸೋಪಿನ ಪುಡಿಯ ರಟ್ಟಿನ ಡಬ್ಬವೇ ಹಡಗು, ಹಳೇ ಕಾಲುಚೀಲವೇ ಒಂಟೆ. ಪ್ರಳಯದ ನೀರು ಅಂತ ನೀನು ಅಲ್ಲಾಡಿಸುತ್ತಿದ್ದದ್ದು ನನ್ನ ನೀಲಿ ಸೀರೆ. ನೀನು ಮೆಚ್ಚಿದವರ ಜೊತೆ ಮನೆ ಬಿಟ್ಟು ಹೋದ ದಿನ ಕಾಣೆಯಾದದ್ದು. ಅದನ್ನು ನರಸಮ್ಮನ ಹಸು ತಿಂತು ಅಂತ ಐದು ವರ್ಷ ಹಸುವಿನ ಮೇಲೆ ಅನುಮಾನ ಇಟ್ಟುಕೊಂಡಿದ್ದೆ.

ಯಾರದು ಅಂತ ಅಜ್ಜಿಯನ್ನು ಮೆಲ್ಲಗೆ ಕೇಳಿದೆ. "ಯಾವ್ದೋ ಹುಡ್ಗೀರ ಹಾಡು ಕಣಮ್ಮಿ, ಚೆಂದಾಗದೆ, ಓಡ್ಲಿ ಬುಡು" ಅಂದರು. ಒಂದು ಕಣ್ಣಿಗೆ ಇನ್ನೂ ಪೊರೆ ಇದೆ. ಗುರುತು ಸಿಗಲಿಲ್ಲ ಅಂತ ನಿಟ್ಟುಸಿರು ಬಿಟ್ಟೆ. ನೀನು ಸತ್ತೆ ಅಂತ ಅಂಗಳದಲ್ಲಿ ಕೂತು ತಲೆಗೆ ನೀರು ಹುಯ್ದುಕೊಂಡವರು ಅವರೇ ಅಲ್ಲವೇ?

ಅಲ್ಲಿಂದಾಚೆ ಅಪ್ಪ ಫೋನು ಮನೆಯಲ್ಲೇ ಬಿಟ್ಟು ಗುಲಾಬಿ ತೋಟಕ್ಕೆ ಹೋದ ಮೇಲೆ, ಅಜ್ಜಿ ಮಲಗಿದ ಮೇಲೆ, ನಿನ್ನ ವಿಡಿಯೋ ಎಲ್ಲ ನೋಡಿದೆ. ಕೊನೆಯಲ್ಲಿ ನೀನು ಹೇಳುತ್ತೀಯಲ್ಲ, ಶಾಲೆಯಲ್ಲಿ ತಮಿಳು ಓದಿ ಮನೆಯಲ್ಲಿ ಕನ್ನಡ ಆಡುವ ನಮ್ಮ ಕಡೆ ಮಕ್ಕಳಿಗೆ ಭಾನುವಾರದ ಪಾಠ ನಮ್ಮ ಮಾತಲ್ಲೇ ಸಿಗಲಿ ಅಂತ ಮಾಡುತ್ತಿದ್ದೇನೆ ಅಂತ. ಒಳ್ಳೆಯದು. ನಿನ್ನ ಗೋಲಿಯಾತ ಗೋಣಿಚೀಲದವನಾದರೂ ಗತ್ತಿನವನು. ಅಳಿಯಂದಿರಿಗೆ (ಈ ಪದವನ್ನು ಮೊದಲ ಸಲ ಬರೆಯುತ್ತಿದ್ದೇನೆ) ಹೇಳು, ಕ್ಯಾಮೆರಾ ಹಿಡಿದಾಗ ಹೆಬ್ಬೆರಳು ಅಡ್ಡ ಬರುತ್ತದೆ. ಕೆಂಪು ಸಮುದ್ರ ಇಬ್ಭಾಗವಾಗುವಾಗ ನಡುವೆ ದಾಟಿದ್ದು ಮೋಶೆಯಲ್ಲ, ಅರುಳ್‌ರಾಜ್ ಅವರ ಹೆಬ್ಬೆಟ್ಟು.

ಆಮೇಲೆ ಆ ಕುರಿಮರಿ ಬಂತು. ಮೈಗೆಲ್ಲ ಹತ್ತಿ ಅಂಟಿಸಿಕೊಂಡು, ಮಂಚದ ಕೆಳಗಿಂದ ‘ಮ್ಯಾ’ ಅಂದು, ನಕ್ಕು, ಕೆಮ್ಮಿ, ಮತ್ತೆ ನಕ್ಕಿತು. ನಿನ್ನದೇ ಹಣೆ. ನನಗೊಬ್ಬಳು ಮೊಮ್ಮಗಳಿದ್ದಾಳೆ ಅಂತ ನನಗೆ ತಿಳಿದದ್ದು ಹೀಗೆ. ಹೆಸರೇನೆಂದು ಅದರಲ್ಲಿ ಹೇಳಲಿಲ್ಲ.

ಅದನ್ನು ಎಷ್ಟೋ ಸಲ ನೋಡಿದೆ. ಪ್ರತಿ ಸಲವೂ ಒಂದು ಕಡೆ ಚುಚ್ಚುತ್ತಿತ್ತು. ನಿನ್ನ ಕುರುಬ ಕಲ್ಲು ಮುಳ್ಳು ದಾಟಿದ, ಬೆಟ್ಟ ಗುಡ್ಡ ಹತ್ತಿದ ಅಂತ ಚೆನ್ನಾಗಿ ನಡೆದು ಬಂದವನು ಕೊನೆಗೆ ‘ಮರಿಯ ತಂದ ಎತ್ತಿಕೊಂಡು’ ಅಂತ ಎಡವಿಬಿಟ್ಟ. ನಿನ್ನ ದೇವರ ಬಗ್ಗೆ ನನಗೆ ತಕರಾರಿಲ್ಲ ಸರಳಾ. ಪ್ರಾಸದ ಬಗ್ಗೆ ಇದೆ. ತಡೆಯಲಾಗದೆ ಕೆಳಗೆ ಬರೆದೆ: ‘ಪ್ರಾಸ ಕೆಟ್ಟಿದೆ. ತಪ್ಪಿದ ಮರಿಯ ಅಪ್ಪಿದ, ಅಂತ ಮಾಡು ಮಗಳೆ.’

ಬರೆದವರ ಹೆಸರೂ ಚಿತ್ರವೂ ಪಕ್ಕದಲ್ಲೇ ಬೀಳುತ್ತದೆ ಅಂತ ನಮ್ಮ ಕನ್ನಡ ಮಾಧ್ಯಮದ ಬಿ.ಎ.ಯಲ್ಲಿ ಹೇಳಿಕೊಟ್ಟಿರಲಿಲ್ಲ. ‘ಮಾದೇಶ್, ಉದ್ದನಪಲ್ಲಿ’. ಮೂರು ನಾಮ, ಹೆಗಲ ಮೇಲೆ ಶಾಲು. ವೆಂಕಟರಮಣ ಸ್ವಾಮಿ ಗುಡಿಯ ಕುಂಭಾಭಿಷೇಕಕ್ಕೆ ಸಮಿತಿ ಮಾಡಿದ ದಿನ ತೆಗೆಸಿಕೊಂಡ ಚಿತ್ರ. ಆ ನಾಮದ ಕೆಳಗೆ ‘ಮಗಳೆ’.

ಸೋಮವಾರ ತಿಲಕ್ ಅದರ ಫೋಟೋ ಹಿಡಿದು ಸಮಿತಿಯ ವಾಟ್ಸಾಪ್ ಗುಂಪಿಗೆ ಹಾಕಿದ್ದಾನೆ. ನಿಮ್ಮ ದೊಡ್ಡಪ್ಪ ಶ್ಯಾಮಣ್ಣನವರಿಗೆ ಅಷ್ಟು ಸಾಕಾಯಿತು. ಮುಂದಿನ ತಿಂಗಳು ಮೊದಲ ಕಳಶ ಎತ್ತುವ ಮನೆ ನಮ್ಮದು. ನಿಮ್ಮ ತಾತ ಎತ್ತುತ್ತಿದ್ದರು, ಆಮೇಲೆ ಅಪ್ಪ. ಈ ಸಂಜೆ ಗುಡಿ ಮುಂದೆ ಎಲ್ಲರೂ ಸೇರುತ್ತಾರೆ. ಕಳಶ ನಮಗೇ ಉಳಿಯಬೇಕಾದರೆ, ಉರಿಯುವ ಕರ್ಪೂರವನ್ನು ಅಂಗೈಯಲ್ಲಿ ಆರಿಸಿ ಅಪ್ಪ ಆಣೆ ಮಾಡಬೇಕಂತೆ: ನನಗೆ ಮಗಳಿಲ್ಲ, ಅವಳನ್ನು ನೋಡುವುದಿಲ್ಲ, ಮನೆಯವರಿಗೂ ನೋಡಗೊಡುವುದಿಲ್ಲ.

ನನಗೆ ಭಯ ಕಳಶದ್ದಲ್ಲ. ನಿಮ್ಮಪ್ಪನ ಬಾಯಿ ನಿನಗೆ ಗೊತ್ತು. ಐದು ವರ್ಷದ ಹಿಂದೆ ಸಿಟ್ಟಿನಲ್ಲಿ ಒಂದು ಮಾತು ಅಂದರು, ಅವತ್ತಿನಿಂದ ನಿನ್ನ ಹೆಸರೆತ್ತಿಲ್ಲ. ಸಿಟ್ಟಿನ ಮಾತಿಗೇ ಅಷ್ಟು. ಇನ್ನು ದೇವರ ಮುಂದೆ ಕರ್ಪೂರ ಆರಿಸಿದರೆ ಮುಗಿಯಿತು. ಆಮೇಲೆ ನೀನು ನನಗೆ ವಿಡಿಯೋದಲ್ಲೂ ಇಲ್ಲ. ಆ ಕುರಿಮರಿಯೂ ಇಲ್ಲ.

ಸೋಮವಾರದಿಂದ ಅವರು ನನ್ನನ್ನೊಂದು ಮಾತೂ ಕೇಳಿಲ್ಲ. ಪ್ರೇಮಿಗಳ ದಿನಕ್ಕೆ ಗುಲಾಬಿ ಕಟ್ಟುತ್ತಿದ್ದಾರೆ, ಬಾಯಿಗೂ ಜೊತೆಯಲ್ಲೇ ದಾರ ಕಟ್ಟಿಕೊಂಡಿದ್ದಾರೆ. ಬರೆದದ್ದು ನಾನು ಅಂತ ಸಂಜೆ ಎದ್ದು ನಿಂತು ಹೇಳುತ್ತೇನೆ. ಇಲ್ಲಿ ಬರೆದಿಟ್ಟರೆ ಕಾಲಿಗೆ ಧೈರ್ಯ ಬಂದೀತು ಅಂತ ಬರೆದಿದ್ದೇನೆ. ಉಳಿದದ್ದು ಬಂದ ಮೇಲೆ.

ಗುರುವಾರ, ಬೆಳಿಗ್ಗೆ

ಕಾಲಿಗೆ ಧೈರ್ಯ ಬರಲಿಲ್ಲ. ಮೊದಲು ಅದನ್ನು ಹೇಳಿಬಿಡುತ್ತೇನೆ.

ಹೆಂಗಸರೆಲ್ಲ ಬೇವಿನ ಕಟ್ಟೆಯ ಈ ಕಡೆ ಕೂತಿದ್ದೆವು. ಅಜ್ಜಿಯೂ ಬಂದಿದ್ದರು. ಬೇಡವೆಂದರೂ ಕೋಲೂರಿಕೊಂಡು ಬಂದು ನನ್ನ ಪಕ್ಕದಲ್ಲೇ ಕೂತರು. ದೊಡ್ಡಪ್ಪ ತಿಲಕನ ಫೋನು ಎತ್ತಿ ಹಿಡಿದು, "ಇದು ನಿನ್ ಮುಖಾನೇ ಅಲ್ವೇನ್ಲಾ ಮಾದೇಶ? ನಾಮ ಇಕ್ಕೊಂಡು ಬೈಬಲ್ ಪಾಠ ಕೇಳ್ತೀಯೇನ್ಲಾ?" ಅಂದರು.  ತಿಲಕ್ ಫೋನು ಇಸಕೊಂಡು, ಆ ವಿಡಿಯೋ ತೆಗೆದು ನನ್ನ ಕಾಮೆಂಟನ್ನು ಓದಿದ. ತಪ್ಪಿದ, ಅಪ್ಪಿದ ಅಂತ ಓದುವಾಗ ಅವನ ದನಿ ತಾನೇ ರಾಗಕ್ಕೆ ತಿರುಗಿತು. ಒಳ್ಳೆಯ ಪ್ರಾಸದ ಗುಣವೇ ಅದು. ಆ ಕಷ್ಟದಲ್ಲೂ ನನಗೆ ಅಷ್ಟು ಹೆಮ್ಮೆಯಾಯಿತು, ಕ್ಷಮಿಸು.

ಏಳಬೇಕು ಅಂತ ನೆಲಕ್ಕೆ ಕೈಯೂರಿದೆ. ಅಷ್ಟರಲ್ಲಿ ತಿಲಕ್, "ಅಪ್ಪಾ, ತಡಿ, ಕೆಳಗೆ ಇನ್ನೊಂದು ಅದೆ. ಚಿಕ್ಕಪ್ಪಂದೇ" ಅಂದ. ಓದಿದ:

‘ಮಗೀಗೆ ಕೆಮ್ಮು ಅದೆ ಕಣೆ. ಮೆಣಸು ಬೆಲ್ಲ ಕುಟ್ಟಿ ನೆಕ್ಕುಸು. ರಾತ್ರಿ ತಲೆಗೆ ಎಣ್ಣೆ ಇಡಬೇಡ.’

ನಾನು ಅದನ್ನು ಬರೆದಿಲ್ಲ, ಸರಳಾ. ಊರಿದ ಕೈ ನೆಲದಲ್ಲೇ ಉಳಿಯಿತು. ಅಪ್ಪನ ಮುಖ ನೋಡಿದೆ. ಅವರು ನನ್ನ ಮುಖ ನೋಡುತ್ತಿದ್ದರು.

"ಎರಡೂ ನಾನೇ ಬರ್ದಿದ್ದು ಕಣಣ್ಣ" ಅಂದರು.

"ನೀನು ಪ್ರಾಸ ಕಟ್ದೋನಾ? ಹೂವಿನ್ ಲಾರಿಗೆ ಚೀಟಿ ಬರ್ಯೋಕೂ ಹೆಂಡ್ತೀನ ಕರೀತೀಯ!" ಅಂತ ದೊಡ್ಡಪ್ಪ. ನಾಲ್ಕು ಜನ ನಕ್ಕರು. ಎಲ್ಲರ ಕಣ್ಣೂ ನನ್ನ ಕಡೆ ಬಂತು. "ನಾನೇ ಅಂದ್ನಲ್ಲ" ಅಂತ ಅಪ್ಪ ಮತ್ತೊಮ್ಮೆ ಅಂದರು. ನಗು ನಿಂತಿತು.

ದೊಡ್ಡಪ್ಪ ಕಲ್ಲಿನ ಮೇಲೆ ಕರ್ಪೂರ ಇಟ್ಟು ಹಚ್ಚಿದರು. "ಆಗಿದ್ದು ಆಯ್ತು. ಆರ್ಸು. ಮಗಳಿಲ್ಲ ಅನ್ನು. ಕಳಶ ನಿಂದೇ."

ಅಪ್ಪ ಮುಂದೆ ಬಂದರು. ಬಲಗೈ ಸ್ವಲ್ಪ ಮೇಲೆ ಬಂತು. ಗುಲಾಬಿ ಮುಳ್ಳು ಗೀರಿದ ಕೈ.  ಅಜ್ಜಿಯ ಕೋಲು ನನ್ನ ಪಕ್ಕದಲ್ಲಿ ಕಟಕಟ ಅನ್ನುತ್ತಿತ್ತು. ಕೈ ಅಲ್ಲೇ ನಿಂತಿತ್ತು, ಕೆಳಗೆ ಬರಲಿಲ್ಲ. ಕರ್ಪೂರ ಉರಿಯಿತು, ಕುಗ್ಗಿತು, ನೀಲಿಯಾಯಿತು, ತಾನೇ ಆರಿಹೋಯಿತು. ಕಲ್ಲಿನ ಮೇಲೊಂದು ಕಪ್ಪು ಚುಕ್ಕೆ.

ದೊಡ್ಡಪ್ಪ ಇನ್ನೊಂದು ಬಿಲ್ಲೆ ಇಟ್ಟರು. ಕಡ್ಡಿ ಹತ್ತಲಿಲ್ಲ, ತಿಲಕ್ ಹಚ್ಚಿಕೊಟ್ಟ. ಅಪ್ಪ ಅದನ್ನೂ ನೋಡುತ್ತ ನಿಂತರು. ಅದೂ ಉರಿದು ಮುಗಿಯಿತು. 

"ಈ ಸಲ ಕಳಶ ತಿಲಕ ಎತ್ಲಿ ಅಣ್ಣ. ಅವ್ನಿಗೂ ಹೆಗಲು ಬಂದದೆ" ಅಂತ ಹೇಳಿ ಅಪ್ಪ ಶಾಲು ತೆಗೆದು ಮಡಿಸಿ ಕಟ್ಟೆಯ ಮೇಲಿಟ್ಟರು. ಚಪ್ಪಲಿ ಮೆಟ್ಟಿಕೊಂಡು ಹೊರಟರು. ದೊಡ್ಡಪ್ಪ ಏನೋ ಕೂಗಿದರು. ನನಗೆ ಕೇಳಿಸಲಿಲ್ಲ, ಕೇಳಿಸಿಕೊಳ್ಳಲೂ ಇಲ್ಲ.

ನಾನೂ ಎದ್ದು ಅವರ ಜೊತೆ ಮಾವಿನ ತೋಪಿನ ತಿರುವಿನ ತನಕ ನಡೆದೆ. ಹೂವಿನ ವಾಸನೆ ಮೂಗಿಗೆ ಅಡರುತ್ತಿತ್ತು. ಅಜ್ಜಿಯನ್ನು ನರಸಮ್ಮ ಹಿಂದಿನಿಂದ ಕೈಹಿಡಿದು ತರುತ್ತಿದ್ದಳು.

"ಪ್ರಾಸ ನಿಂದು ಅಂತ ಸೋಮಾರಾನೇ ಗೊತ್ತಾಯ್ತು. ಆ ಕೆಮ್ಮಿಂದು ಒಂದು ಬರೀಬಾರ್ದಾಗಿತ್ತು" ಅಂದರು.

"ಕೆಮ್ಮು ನಿಮ್ದಲ್ವಾ?" ಅಂದೆ.

ಇಬ್ಬರೂ ನಿಂತೆವು. "ನಂದ್ಯಾಕಾಗ್ತದೆ?" ಅಂದರು. ಆಮೇಲೆ ನೆಲ ನೋಡಿಕೊಂಡು, "ಮ್ಯಾ ಅಂದ್ಮೇಲೇ ಕೆಮ್ತದೆ ಅದು. ಹತ್ತಿ ಮೂಗಿಗೆ ಹೋಗಿರ್ಬೇಕು" ಅಂದರು. ಅವರೂ ನೋಡಿದ್ದಾರೆ. ಯಾವಾಗ ನೋಡಿದಿರಿ ಅಂತ ನಾನು ಕೇಳಲಿಲ್ಲ. ಕೇಳಿದ್ದರೆ ಹೂವಿನ ಲೋಡಿನ ಮಾತು ತೆಗೆಯುತ್ತಿದ್ದರು.

ನನಗಾಗಿ ಅಷ್ಟು ಜನರ ಮುಂದೆ ಅವರು ಸುಳ್ಳು ಹೇಳುವಾಗ ನಾನು ಕೂತೇ ಇದ್ದೆ. ಇದು ಇನ್ನೂ ಚುಚ್ಚುತ್ತಿದೆ. ಹಾಗಾಗಿ ಈ ಸಲ ಎದ್ದೇ ಬರುತ್ತೇನೆ. ಭಾನುವಾರ ನಿನ್ನ ಪಾಠ ಮುಗಿಯುವ ಹೊತ್ತಿಗೆ ನರಸಮ್ಮನ ಜೊತೆ ಬಸ್ಸು ಹತ್ತುತ್ತೇನೆ. ಬಾಗಿಲು ತೆಗೆಯುವುದು ಬಿಡುವುದು ನಿನ್ನಿಷ್ಟ. ಅಪ್ಪನಿಗೆ ಹೇಳಿದೆ.  ಒಂದು ಕಟ್ಟು ಗುಲಾಬಿಯನ್ನು ಲಾರಿಗೆ ಹಾಕದೆ ಬಕೆಟ್ಟಿನ ನೀರಿನಲ್ಲಿ ಬೇರೆ ಇಟ್ಟಿದ್ದಾರೆ. ಯಾರಿಗೆ ಅಂತ ಹೇಳಿಲ್ಲ.

ಮಗುವಿನ ಹೆಸರು ನೀನೇ ಹೇಳಬೇಕು. ಅದಕ್ಕೊಂದು ಪ್ರಾಸ ಹುಡುಕಿಕೊಂಡು ಬರೋಣವೆಂದರೆ ಹೆಸರೇ ಗೊತ್ತಿಲ್ಲ. ನರಸಮ್ಮ ಬಾಗಿಲಲ್ಲಿ "ಅಕ್ಕೋ, ಬಸ್ಸು ಬುಟ್ಬುಡ್ತದೆ" ಅಂತ ಕೂಗುತ್ತಿದ್ದಾಳೆ.

ಪ್ರಾಸಕ್ಕೆ ಸಿಕ್ಕಿಬಿದ್ದ ನಿನ್ನ ಅಮ್ಮ,
ಚಂದ್ರಲೇಖಾ

ವಿ.ಸೂ.: ಮಡಿಸಿದ ಕಾಗದವನ್ನು ಮತ್ತೆ ಬಿಚ್ಚಿ ಬರೆಯುತ್ತಿದ್ದೇನೆ. ಅಜ್ಜಿ ಈಗ ಬಂದು ನನ್ನೆದುರು ಕೋಲು ಕುಟ್ಟಿದರು. ಅವರು ಅಂದದ್ದನ್ನು ಅಂದ ಹಾಗೇ ಬರೆಯುತ್ತೇನೆ: "ಯಾರಿಗ್ ಬರೀತಿದ್ದೀಯ ನಂಗೊತ್ತು. ಮಗೀಗೆ ಕೆಮ್ಮು ವಾಸಿ ಆಯ್ತಾ ಕೇಳು. ಆ ಫೋನ್ಗೆ ಬಾಯ್ಬುಟ್ಟು ಹೇಳಿ ಎಷ್ಟು ದಿನ ಆಯ್ತು, ಒಂದು ಜವಾಬು ಕೊಡ್ಲಿಲ್ಲ ಮುಂಡೇದು."